ಆರೂವರೆ ನಂಬರಿನ ಕೈ

"ಅಂಬರೀನ ಮೇಡಂ, ನೀವು ಕುಂದ್ರಿ. ಆಂಟಿ, ಆ ಬಾಗಿಲಾ ಒಂಚೂರು ಮುಂದ ಮಾಡ್ರಿ."

ಜುಲ್ಫೀಕಾರ ಇದನ್ನು ಒಂದೇ ಉಸಿರಿನಲ್ಲಿ ಹೇಳಿದ. ಗ್ಲೋರಿ ಬಾಗಿಲು ಮುಂದೆ ಮಾಡಿದಳು. ಮಾಡಿದ ಮೇಲೆ ತಾನು ಒಳಗಿರಬೇಕೋ ಹೊರಗಿರಬೇಕೋ ಹೊಳೆಯದೆ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡೇ ನಿಂತಳು. ಬೀದರಿನ ಈ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಹೆಂಗಸರ ಮೇಲ್ವಿಚಾರಣೆ ಮಾಡುತ್ತ ಬಂದವಳು ಅವಳು. ನಾಲ್ಕೇ ಹಂಚುಗಳಿದ್ದಾಗ ಸೇರಿದವಳು. ಈಗ ಮೂವತ್ತು ಹಂಚುಗಳಿವೆ. ಈಗ ಯಜಮಾನನಾಗಿರುವ ಈ ಜುಲ್ಫೀಕಾರ ಆಗ ಕಾಲೇಜಿಗೆ ಹೋಗುತ್ತಿದ್ದ, ಹಸಿದು ಬಂದರೆ ಬಿಸಿ ರೊಟ್ಟಿಗೆ ಹಿಂಡಿಯ ಖಾರದ ಪುಡಿ, ಎಣ್ಣೆ ಹಚ್ಚಿ ಅವಳೇ ಕೊಡುತ್ತಿದ್ದಳು. ಹಾಗಾಗಿ ಆಂಟಿ ಅಂದರೆ ಅದು ಪ್ರೀತಿಯ ಮಾತೇ ಎಂದು ಐದು ತಿಂಗಳ ಹಿಂದಿನವರೆಗೂ ನಂಬಿದ್ದಳು. ಐದು ತಿಂಗಳ ಹಿಂದೆ ಭಾಲ್ಕಿಯಿಂದ ದಿನಾ ರೈಲಿನಲ್ಲಿ ಓಡಾಡುವ ಈ ಅಂಬರೀನ ಬಂದಳು. ಆಹಾರದ ಶುಚಿತ್ವದ ಬಗ್ಗೆ ಏನೋ ಓದಿಕೊಂಡವಳು, ಇನ್ನೂ ಇಪ್ಪತ್ತಾರು ದಾಟಿಲ್ಲ, ಬಂದ ದಿನವೇ ಮೇಡಂ ಆದಳು. ಅವತ್ತಿನಿಂದ ಆಂಟಿ ಎಂಬ ಮಾತಿನೊಳಗೆ ಬಾಗಿಲು ಮುಚ್ಚುವುದು, ಚಹಾ ಹೇಳುವುದು, ಫ್ಯಾನು ಹಾಕುವುದು ಎಲ್ಲ ಬಂದು ಸೇರಿಕೊಂಡವು.

"ಒಂಬತ್ತು ಮಂದೀದು ಕೈ ಕೆಟ್ಟದ. ಸತ್ಯಮ್ಮ ಅಂತೂ ಎರಡು ವಾರ ಆತು, ಕೆಲಸಕ್ಕೇ ಬಂದಿಲ್ಲ" ಎಂದ ಜುಲ್ಫೀಕಾರ. ಮೇಜಿನ ಮೇಲೆ ನೀಲಿ ಗ್ಲೌಜಿನ ಡಬ್ಬಿಯಿತ್ತು. "ಇವು ನೀವ ಆರಿಸಿದ್ದು ಮೇಡಂ. ಇವತ್ತ ಸಂಜಿ ನಾಕಕ್ಕ ನನಗ ಜವಾಬ ಬೇಕು. ತಪ್ಪು ಗ್ಲೌಜಿಂದೇ ಇದ್ದರ, ಮಾಫ್ ಮಾಡ್ರಿ, ಆರು ತಿಂಗಳ ಟ್ರಯಲ್ ಮುಗದ ಮ್ಯಾಲ ನಿಮ್ಮನ್ನ ಇಟ್ಕೊಳ್ಳೂದು ನನಗ ಆಗೂದಿಲ್ಲ."

ಗ್ಲೋರಿಯ ಎದೆಯಲ್ಲಿ ಏನೋ ಒಂದು ಸಣ್ಣಗೆ ಕುಣಿಯಿತು. ಕುಣಿದದ್ದು ಮುಖಕ್ಕೆ ಬಂದೀತೆಂದು ತಲೆ ತಗ್ಗಿಸಿದಳು. ತಗ್ಗಿಸಿದಾಗ ಕಂಡದ್ದು ಅಂಬರೀನಳ ಕೈ. ಮೇಜಿನ ಅಂಚಿನ ಮೇಲೆ ಸುಮ್ಮನೆ ಬಿದ್ದುಕೊಂಡಿದ್ದ ಸಪೂರ ಕೈ, ಉದ್ದ ಬೆರಳು. ಗ್ಲೌಜಿನ ಲೆಕ್ಕದಲ್ಲಿ ಆರೂವರೆ ನಂಬರು. ಅಳತೆ ಪಟ್ಟಿ ಬೇಕಿಲ್ಲ, ನೋಡಿದರೆ ಗೊತ್ತಾಗುತ್ತದೆ. "ಆರೂವರಿ ನಂಬರಿನ ಕೈ ಅಂದ್ರ ಓದಿದವರ ಕೈ. ಡಾಕ್ಟರಮ್ಮಂದು ಆರೂವರಿ, ದೊಡ್ಡ ಸಿಸ್ಟರಂದು ಆರೂವರಿ" ಎನ್ನುತ್ತಿದ್ದಳು ಗ್ಲೋರಿಯ ತಾಯಿ ಗ್ರೇಸ. ಹತ್ತು ವರ್ಷದ ಗ್ಲೋರಿಯ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟು ತೂಗಿ ನೋಡಿ, "ನಿಂದು ಏಳೂವರಿ ಆಗ್ತದ, ನನ್ನಂಗ" ಎಂದು ನಕ್ಕಿದ್ದಳು. ಆ ನಗೆ ಯಾಕೆ ಇನ್ನೂ ಉರಿಯುತ್ತದೆಯೋ.

"ನಾ ಸಂತಪುರಕ್ಕ ಹೋಗಿ ಸತ್ಯಮ್ಮನ ಕೈ ನೋಡ್ಕೊಂಡು ಬರ್ತೇನ್ರಿ ಸರ್. ಗ್ಲೋರಿ ಆಪಾ ಜೊತಿಗೆ ಬರ್ಲಿ. ಗ್ಲೌಜಿನ ಸಂಗತಿ ನನಕಿಂತ ಅವರಿಗೇ ಹೆಚ್ಚ ಗೊತ್ತದ" ಎಂದಳು ಅಂಬರೀನ.

ಇದೊಂದು. ಹೊಗಳಿಕೆಯನ್ನೂ ಅವಳೇ ಹಂಚುತ್ತಾಳೆ, ಯಜಮಾನಿಯ ಹಾಗೆ. ಮೊದಲ ದಿನದಿಂದ ಆಪಾ, ಆಪಾ. ಆಪಾ ಅಂದರೆ ಅಕ್ಕ ಎಂದು ಗ್ಲೋರಿಗೆ ಗೊತ್ತಿಲ್ಲವೇ? ಬೀದರಿನಲ್ಲಿ ಹುಟ್ಟಿದವರಿಗೆ ಅಷ್ಟು ಗೊತ್ತಿರುತ್ತದೆ. ಆದರೆ ಅಕ್ಕತನದಿಂದ ಏನು ಬರುತ್ತದೆ? ಒಂದು ದಿನ, ಒಂದೇ ಒಂದು ದಿನ, ಎಲ್ಲರೆದುರು ಯಾರಾದರೂ ಗ್ಲೋರಿ ಮೇಡಂ ಎಂದಿದ್ದರೆ! ಹಿರಿಯ ಸಾಹೇಬರು, ಜುಲ್ಫೀಕಾರನ ತಂದೆ ಜಹೀರೋದ್ದೀನ, ಇರುವವರೆಗೆ ಸಿಸ್ಟರ್ ಎನ್ನುತ್ತಿದ್ದರು. ಕೆಲಸ ಕೇಳಲು ಬಂದ ದಿನ "ನಿಮ್ಮ ತಾಯಿ ಮಿಶನ್ ದವಾಖಾನಿಯೊಳಗ ಸಿಸ್ಟರ್ ಇದ್ದರಲ್ಲ?" ಎಂದು ಕೇಳಿದ್ದರು. ಗ್ಲೋರಿ "ಹೌದ್ರಿ" ಎಂದಿದ್ದಳು. ಅಷ್ಟೇ, ಎರಡಕ್ಷರ. ತಾಯಿ ಸಿಸ್ಟರ್ ಆಗಿರಲಿಲ್ಲ, ಆಯಾ ಆಗಿದ್ದಳು. ಆದರೆ ಆ ಎರಡಕ್ಷರದಿಂದ ತಾಯಿಯ ಬಿರುದು ಮಗಳಿಗೆ ಬಂತು, ಗ್ಲೌಜು ಆರಿಸುವ ಕೆಲಸವೂ ಬಂತು. ದವಾಖಾನೆಯವರ ಮಗಳಲ್ಲವೇ, ಅವಳಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು.

ಔರಾದ ಬಸ್ಸಿನಲ್ಲಿ ಅಂಬರೀನ ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಗ್ಲೋರಿಗೆ ಅದೂ ಸೇರಲಿಲ್ಲ. ಮೂರು ಬಗೆಯ ಗ್ಲೌಜುಗಳ ಚೀಲವನ್ನು ಆ ಹುಡುಗಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅದೇ ಮೂರು ಬಗೆ. ಎರಡು ತಿಂಗಳ ಹಿಂದೆ ಜುಲ್ಫೀಕಾರನ ಮೇಜಿನ ಮೇಲೆ ಅವನ್ನು ಸಾಲಾಗಿ ಇಟ್ಟು ಮಾತಾಡಿದ್ದಳು. ಗ್ಲೋರಿ ಹನ್ನೆರಡು ವರ್ಷದಿಂದ ತರಿಸುತ್ತಿದ್ದದ್ದು ದವಾಖಾನೆಯ ಬಿಳಿ ರಬ್ಬರಿನವು, ಒಳಗೆ ಪೌಡರು ಹಾಕಿದವು. ಅದರ ಒಂದು ಬೆರಳಿನ ತುದಿ ಹರಿದು ಹಿಟ್ಟಿನಲ್ಲಿ ಸೇರಿ, ರೊಟ್ಟಿಯಾಗಿ ಬೆಂದು, ಲಾತೂರಿನ ಯಾರದೋ ತಾಟಿಗೆ ಹೋಗಿ ವಾಪಸು ಬಂದಿತ್ತು. "ಜೋಳದ ರೊಟ್ಟಿಯೊಳಗ ಬಿಳಿ ಚೂರು ಬಿದ್ದರ ಹ್ಯಾಂಗ ಕಾಣ್ತದ್ರಿ ಸರ್? ನಾವ ತಿನ್ನೂದರಾಗ ನೀಲಿ ಬಣ್ಣದ್ದು ಯಾವುದೂ ಇಲ್ಲ. ನೀಲಿ ಚೂರು ಬಿದ್ದರ ಪ್ಯಾಕಿಂಗಿನವರಿಗೇ ಕಾಣ್ತದ." ಜುಲ್ಫೀಕಾರ "ವಾಹ್" ಎಂದಿದ್ದ. ಆಮೇಲೆ ಮೂರು ದಿನ ಗ್ಲೋರಿ ನೀಲಿ ಬಣ್ಣದ ತಿನಿಸನ್ನು ಹುಡುಕಿದಳು. ಬದನೆಕಾಯಿ? ಅದು ನೀಲಿಯಲ್ಲ. ನೇರಳೆ ಹಣ್ಣು? ಅದರ ಹೆಸರೇ ಬೇರೆ ಬಣ್ಣದ್ದು. ರವಿವಾರ ಚರ್ಚಿನಲ್ಲಿ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೂ ದೇವರ ಬದಲು ನೀಲಿ ಪದಾರ್ಥವೊಂದನ್ನು ಹುಡುಕುತ್ತಿದ್ದಳು. ದೇವರು ಒಂದೂ ಮಾಡಿರಲಿಲ್ಲ. ದೇವರು ಕೂಡ ಅಂಬರೀನಳ ಕಡೆಯೇ.

ಆ ಹುಡುಗಿಯಲ್ಲಿ ತಪ್ಪು ಹಿಡಿಯುವುದೇ ಕಷ್ಟವಾಗಿತ್ತು, ಉರಿಯಲು ಅದೊಂದೇ ಸಾಕಾಗಿತ್ತು. ಹಂಚಿನ ಮುಂದೆ ಕೂಡುವವರಿಗೆ ಗ್ಲೌಜು ಬೇಡವೇ ಬೇಡ, ಕಾವಿಗೆ ಕರಗಿ ಚರ್ಮಕ್ಕೆ ಹತ್ತುತ್ತದೆ ಎಂದಳು, ಸರಿಯೇ. ತೆಳು ಪ್ಲಾಸ್ಟಿಕ್ಕಿನದು ಸಡಿಲ, ಹಿಂಡಿ ಕಲಸುವವರಿಗೆ ಖಾರ ಒಳಗಿಳಿಯುತ್ತದೆ ಎಂದಳು, ಅದೂ ಸರಿ. ಭಾಲ್ಕಿಯ ಅಜ್ಜಿ ಹೊಲಿಗೆ ಕೆಲಸದವಳಂತೆ, ಅವಳ ಅಳತೆ ಪಟ್ಟಿ ತಂದು ಒಬ್ಬೊಬ್ಬರ ಅಂಗೈಗೆ ಸುತ್ತಿ, ಹೆಬ್ಬೆರಳು ಬಿಟ್ಟು, ಇಂಚು ಬರೆದುಕೊಂಡಳು. ಗ್ಲೋರಿ ದೂರದಲ್ಲಿ ನಿಂತು ಪಟ್ಟಿ ಸುತ್ತುವ ಮೊದಲೇ "ಏಳು", "ಏಳೂವರಿ", "ಎಂಟು" ಎಂದು ಹೇಳುತ್ತ ಹೋದಳು. ಒಂದೂ ತಪ್ಪಲಿಲ್ಲ. ಅಂಬರೀನ ಬೆರಗಾಗಿ "ಆಪಾ, ಇದು ಹ್ಯಾಂಗ್ರಿ!" ಎಂದು ಕೈ ಹಿಡಿದುಕೊಂಡಿದ್ದಳು. ಆ ಹೊತ್ತಿಗೆ ಜುಲ್ಫೀಕಾರ ಫೋನಿನಲ್ಲಿ ಮಾತಾಡುತ್ತ ಆಚೆ ಹೋಗಿದ್ದ. ಯಾರಿಗೆ ಕಾಣಬೇಕಿತ್ತೋ ಅವನಿಗೆ ಕಾಣಲಿಲ್ಲ.

ಬಸ್ಸು ತೊಗರಿ ಹೊಲಗಳ ನಡುವೆ ಓಡುತ್ತಿತ್ತು. ಅಂಬರೀನ ಬಿಸ್ಕಿಟ್ ಪುಡಿಕೆ ಒಡೆದು ಮುಂದೆ ಹಿಡಿದಳು. ಗ್ಲೋರಿ ಬೇಡವೆಂದು ಕೈಯಾಡಿಸಿದಳು. ಸತ್ಯಮ್ಮ ಬಾಯಿಬಿಟ್ಟರೆ?

ಹಿಟ್ಟಿನ ವಿಷಯ ಗೊತ್ತಿದ್ದದ್ದು ಹೆಂಗಸರಿಗೆ ಮಾತ್ರ. ನೀಲಿ ಗ್ಲೌಜಿನೊಳಗೆ ಪೌಡರು ಇರಲಿಲ್ಲ. ತಿನ್ನುವ ಪದಾರ್ಥದಲ್ಲಿ ಪೌಡರು ಉದುರಬಾರದೆಂದು ಅಂಬರೀನ ಬೇಕೆಂದೇ ಅಂಥದ್ದು ತರಿಸಿದ್ದಳು. ಬೆವೆತ ಕೈ ಅದರೊಳಗೆ ಹೋಗುತ್ತಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಹೆಂಗಸರು ಹಲ್ಲು ಕಚ್ಚಿ ಎಳೆಯುತ್ತ ಆ ಮೇಡಂಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಗ್ಲೋರಿ ಸುಖವಾಗಿ ಕೇಳಿಸಿಕೊಳ್ಳುತ್ತ ನಿಂತಿದ್ದಳು. ಆಗ ಕೈಗೆ ಅದು ತಾನಾಗಿಯೇ ಬಂತು. ಒಂದು ಚಿಟಿಕೆ ಜೋಳದ ಹಿಟ್ಟು ತೆಗೆದು, ಗ್ಲೌಜಿನ ಬಾಯಿ ಅಗಲಿಸಿ ಒಳಗೆ ಹಾಕಿ, ಬಾಯಿ ಮುಚ್ಚಿ ಎರಡು ಸಲ ಕುಲುಕಿ, ಸತ್ಯಮ್ಮನ ಕೈಗೆ ಏರಿಸಿದಳು. ಜಾರಿಕೊಂಡು ಹೋಯಿತು. "ಅಕ್ಕ ಅಂದ್ರ ಅಕ್ಕ!" ಎಂದಳು ಸತ್ಯಮ್ಮ. ಎಲ್ಲರೂ ನಕ್ಕರು. ಆ ದಿನದಷ್ಟು ಸಂತೋಷ ಗ್ಲೋರಿಗೆ ಐದು ತಿಂಗಳಲ್ಲಿ ಆಗಿರಲಿಲ್ಲ. ಓದಿದವಳ ಗ್ಲೌಜು ಕೊನೆಗೂ ತನ್ನ ಚಿಟಿಕೆ ಇಲ್ಲದೆ ಕೈಗೆ ಏರಲಿಲ್ಲ ನೋಡು.

ಚಿಟಿಕೆ ಹಾಕುವುದು ತಾಯಿಯ ಪದ್ಧತಿ. ದವಾಖಾನೆಯ ಹಿಂದಿನ ಕೋಣೆಯಲ್ಲಿ ಅವಳು ಬಳಸಿದ ಗ್ಲೌಜುಗಳನ್ನು ತೊಳೆಯುತ್ತಿದ್ದಳು. ಆಗ ತೊಳೆದು ಮತ್ತೆ ಬಳಸುವ ಕಾಲ. ತೊಳೆದು, ಗಾಳಿ ಊದಿ, ಬಕೀಟಿನ ನೀರಲ್ಲಿ ಅದ್ದಿ, ಗುಳ್ಳೆ ಬಂದರೆ ತೂತೆಂದು ಎಸೆದು, ಉಳಿದವನ್ನು ತಂತಿಗೆ ಒಣಹಾಕಿ, ಪೌಡರು ಹಾಕಿ ಕುಲುಕಿ, ನಂಬರಿನ ಪ್ರಕಾರ ಜೋಡಿ ಮಾಡುತ್ತಿದ್ದಳು. ರವಿವಾರ ಚರ್ಚಿನಲ್ಲಿ ಪಕ್ಕ ಕೂತಾಗಲೂ ಅವಳ ಉಗುರಿನ ಸಂದಿಯಲ್ಲಿ ಬಿಳಿ ಇರುತ್ತಿತ್ತು, ಗ್ಲೋರಿ ಆ ಕೈಯನ್ನು ಸೆರಗಿನೊಳಗೆ ತಳ್ಳುತ್ತಿದ್ದಳು. ಮತ್ತೆ ಬೆರಳುಗಳ ನಡುವೆ, ನೆನೆದು ಬೆಳ್ಳಗಾದ ಚರ್ಮ. "ಹಸಿ ಕೈಗೆ ಪೌಡರ ತಾಕಸಬಾರದು ನೋಡು, ಕೊಳೀತದ" ಎಂದೂ ಅವಳೇ ಹೇಳಿದ್ದಳು. ಹೇಳಿದ್ದಳು. ಅದು ಗ್ಲೋರಿಗೆ ನೆನಪಾದದ್ದು ಮೂರು ವಾರದ ಹಿಂದೆ, ಸತ್ಯಮ್ಮ ಹಿಂಡಿಯ ಕೋಣೆಯಿಂದ ಬಂದು ಗ್ಲೌಜು ಬಿಚ್ಚಿ ತೋರಿಸಿದ ದಿನ. ಒಳಗೆ ಹಿಟ್ಟು ಬೆವರಿಗೆ ಕಲಸಿ ಅಂಟಾಗಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಬೆರಳ ಸಂದಿಗಳು ಒಡೆದಿದ್ದವು. ನೋಡಿದ ಕೂಡಲೇ ಗೊತ್ತಾಯಿತು. ಪಕ್ಕದ ಕೋಣೆಯಲ್ಲೇ ಅಂಬರೀನ ಇದ್ದಳು, ಹತ್ತು ಹೆಜ್ಜೆ. ಗ್ಲೋರಿ ಅತ್ತ ಹೋಗಲಿಲ್ಲ. "ಈ ನೀಲಿ ಗ್ಲೌಜ ಸರಿ ಇಲ್ಲ ಬಿಡು" ಎಂದಳು.

ಸತ್ಯಮ್ಮ ಜಗಲಿಯ ಮೇಲೆ ಕೂತಿದ್ದಳು, ಎರಡೂ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು. ಔರಾದಿನ ದವಾಖಾನೆಯ ಮುಲಾಮು ಹಳದಿಯಾಗಿ ಹೊಳೆಯುತ್ತಿತ್ತು. "ಈಗ ಹಗೂರ ಅದ್ರಿ. ಆದ್ರ ಉಪ್ಪು ತಾಕಿದ್ರ ಜೀವ ಹೋಗ್ತದ. ಮನ್ಯಾಗ ನಾದಿನಿ ಕಡಿಂದ ರೊಟ್ಟಿ ಬಡಿಸ್ಕೊಂಡು ತಿನ್ನೂ ಹಂಗ ಆತು" ಎಂದು ನಗಲು ನೋಡಿದಳು. ಅಂಬರೀನ ನೆಲಕ್ಕೆ ಕೂತು ಆ ಕೈಗಳನ್ನು ತನ್ನ ಕೈಗೆ ತೆಗೆದುಕೊಂಡಳು. ಹೇಸಲಿಲ್ಲ. ಒಂದೊಂದೇ ಬೆರಳು ಅಗಲಿಸಿ ನೋಡಿದಳು. ಗ್ಲೋರಿ ಮೂರು ವಾರದ ಹಿಂದೆ ಇದೇ ಕೈಯನ್ನು ಮುಟ್ಟದೆ, ಬಗ್ಗಿ ಮಾತ್ರ ನೋಡಿದ್ದಳು.

"ಗ್ಲೌಜಿಂದೇ ಇದ್ದರ ಮಣಿಕಟ್ಟಿಗೂ ಆಗಬೇಕಿತ್ತು, ಅಲ್ಲಿ ಏನೂ ಇಲ್ಲ. ಬೆರಳ ಸಂದ್ಯಾಗಷ್ಟೇ ಅದ" ಎಂದಳು ಅಂಬರೀನ ತನಗೇ ಎಂಬಂತೆ. "ಸತ್ಯಮ್ಮ, ಗ್ಲೌಜ ಹಾಕ್ಕೊಳ್ಳೋ ಮುಂದ ಕೈಗೆ ಏನರ ಹಚ್ಕೊಂತಿದ್ರೇನ್ರಿ? ಎಣ್ಣಿ, ಪೌಡರ, ಏನರ?"

ಸತ್ಯಮ್ಮ ಗ್ಲೋರಿಯನ್ನು ನೋಡಿದಳು. ಗ್ಲೋರಿ ಜಗಲಿಯ ಮೂಲೆಯಲ್ಲಿದ್ದ ಕೊಡವನ್ನು ನೋಡಿದಳು.

"ಏನೂ ಇಲ್ರಿ" ಎಂದಳು ಸತ್ಯಮ್ಮ. "ಹಂಗೇ ಹಾಕ್ಕೊಂತಿದ್ದೆ."

ಹೊರಡುವಾಗ ಅಂಬರೀನ ಚಪ್ಪಲಿ ಮೆಟ್ಟುತ್ತ ಮುಂದಾದಾಗ ಸತ್ಯಮ್ಮ ಗ್ಲೋರಿಯ ಸೆರಗನ್ನು ಎರಡು ಬೆರಳ ತುದಿಯಿಂದ ಮೆಲ್ಲಗೆ ಜಗ್ಗಿದಳು. "ಅಕ್ಕ, ನಾ ಹೇಳಿಲ್ಲ ನೋಡು. ನೀ ಒಳ್ಳೇದಕ್ಕ ಹೇಳಿದ್ದಿ, ನನಗ ಗೊತ್ತಿಲ್ಲೇನು?" ಸೆರಗಿಗೆ ಮುಲಾಮು ಹತ್ತಿತು. ಒಳ್ಳೆಯದಕ್ಕೆ. ಗ್ಲೋರಿ ದಾರಿಯುದ್ದಕ್ಕೂ ಆ ಕಲೆಯನ್ನು ಉಜ್ಜುತ್ತ ನಡೆದಳು.

ವಾಪಸು ಬರುವ ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಇಬ್ಬರೂ ಕಂಬಿ ಹಿಡಿದು ನಿಂತಿದ್ದರು, ಒಂದರ ಕೆಳಗೊಂದು ಕೈ. ಗ್ಲೋರಿಯದು ಮೇಲೆ, ದಪ್ಪ, ಹಂಚಿನ ಕಲೆಗಳದ್ದು. ಅಂಬರೀನ ಇದ್ದಕ್ಕಿದ್ದಂತೆ ಮಾತಾಡಿದಳು. "ಆಪಾ, ನಾ ಒಪ್ಕೊಂಡು ಬಿಡ್ತೇನ್ರಿ. ಅಳತಿ ತಗೊಂಡೆ, ಬಣ್ಣ ನೋಡಿದೆ, ಖಾರ ಇಳೀತದೇನು ಅಂತ ನೋಡಿದೆ. ಇಡೀ ದಿವಸ ಒಬ್ಬರ ಕೈ ಅದರಾಗ ಇದ್ರ ಏನಾಗ್ತದ ಅಂತ ನಾ ಹಾಕ್ಕೊಂಡು ನೋಡ್ಲೇ ಇಲ್ಲ. ಸತ್ಯಮ್ಮ ಸುಳ್ಳು ಹೇಳೋ ಹೆಣ್ಣುಮಗಳಲ್ಲ. ತಪ್ಪು ನಂದೇ." ಅವಳ ಕಣ್ಣು ತುಂಬಿದ್ದವು. ಗ್ಲೋರಿ ಕಿಟಕಿಯ ಹೊರಗೆ ನೋಡಿದಳು. ಹೇಳಿಬಿಡಬೇಕು ಅನ್ನಿಸಿತು. ಬೀದರಿನ ಕಮಾನು ಬರುವುದರೊಳಗೆ ಹೇಳಬೇಕು ಎಂದುಕೊಂಡಳು. ಕಮಾನು ಬಂತು. ಮೈಲೂರಿನಲ್ಲಿ ತನ್ನ ಮನೆಯ ಓಣಿ ಬಂತು. ಇಳಿದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಂಜೆಯೊಳಗೆ ಎಲ್ಲ ತಾನಾಗಿ ಮುಗಿದಿರುತ್ತದೆ, ಮುಂದಿನ ತಿಂಗಳು ಭಾಲ್ಕಿಯ ರೈಲಿನಿಂದ ಯಾರೂ ಇಳಿಯುವುದಿಲ್ಲ. ಗ್ಲೋರಿ ಇಳಿಯಲಿಲ್ಲ. ಮುಗಿಯುವುದನ್ನು ಕಣ್ಣಾರೆ ನೋಡುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ನಾಲ್ಕು ಗಂಟೆಗೆ ಗ್ಲೋರಿ ಹೇಳಿಸಿಕೊಳ್ಳದೆಯೇ ಬಾಗಿಲು ಮುಂದೆ ಮಾಡಿದಳು. ಅಂಬರೀನ ಕುರ್ಚಿಯಲ್ಲಿ ಕೂಡಲಿಲ್ಲ.

"ತಪ್ಪು ನಂದ್ರಿ ಸರ್. ಗ್ಲೌಜ ಆರಿಸಿದಾಕಿ ನಾನು. ಸತ್ಯಮ್ಮಂದು ದವಾಖಾನಿ ಖರ್ಚು ನಾ ಕೊಡ್ತೇನಿ. ಉಳದ ಎಂಟು ಮಂದಿಗೂ ಕೈ ಮುಗದು ಹೇಳ್ತೇನಿ."

ಜುಲ್ಫೀಕಾರ ಕುರ್ಚಿಯಲ್ಲಿ ಹಿಂದಕ್ಕೊರಗಿದ. ಬೆಳಗಿನ ಗಡಸು ಅವನ ಮುಖದಲ್ಲಿ ಇರಲಿಲ್ಲ. ಏನೋ ಮೆತ್ತಗಾಗಿತ್ತು, ಬೆಚ್ಚಗಾಗಿತ್ತು. "ಇಲ್ಲಿ ತನಾ ಈ ಖೋಲಿಯೊಳಗ ನಿಂತು ತಪ್ಪು ನಂದು ಅಂದವರನ್ನ ನಾ ನೋಡಿಲ್ಲ ಮೇಡಂ. ಹಿಂಥಾ ಮಂದಿನ್ನ ಕಳ್ಕೊಳ್ಳೂದು ಹ್ಯಾಂಗ? ಇನ್ನೊಂದು ಸಲ ಕುಂತು ನೋಡೂಣು."

ಹೋಯಿತು. ಎಲ್ಲ ಹೋಯಿತು. ತಪ್ಪಿನಿಂದಲೂ ಅವಳು ಎತ್ತರವಾಗಿಬಿಟ್ಟಳು. ಅದೂ ತನ್ನದಲ್ಲದ ತಪ್ಪಿನಿಂದ! ಗ್ಲೋರಿ ಅವಳತ್ತ ನೋಡಿದಳು. ಆ ಚಿಟಿಕೆ ತನ್ನದು. ಮುಚ್ಚಿಟ್ಟದ್ದು ತನ್ನದು. ಮೂರು ವಾರ ನಿದ್ದೆಗೆಟ್ಟು, ಅನ್ನ ಸೇರದೆ ಒಳಗೇ ಸಾಕಿಕೊಂಡು ಬಂದದ್ದನ್ನು ಈ ಹುಡುಗಿ ಏನೂ ಗೊತ್ತಿಲ್ಲದೆ ಬಂದು ತನ್ನದೆಂದು ಎತ್ತಿಕೊಂಡು ಹೊರಟಿದ್ದಾಳೆ. ಮೇಡಂ ಎಂಬುದು ಅವಳಿಗೆ, ವಾಹ್ ಅವಳಿಗೆ, ಕುರ್ಚಿ ಅವಳಿಗೆ. ಇದೂ ಅವಳಿಗೇ ಹೋಗಬೇಕೇ? ಇದೊಂದನ್ನು ಕೊಡುವುದಿಲ್ಲ. ಪಶ್ಚಾತ್ತಾಪದಿಂದ ಹೇಳಿದಳೆಂದು ಆಮೇಲೆ ಎಷ್ಟು ಸಲ ತನಗೇ ಹೇಳಿಕೊಂಡರೂ, ಬಾಯಿ ತೆರೆಸಿದ್ದು ಹೊಟ್ಟೆಕಿಚ್ಚೇ ಎಂಬುದು ಗ್ಲೋರಿಗೆ ಆಗಲೇ ಗೊತ್ತಿತ್ತು.

"ಅಕಿದಲ್ಲರಿ" ಎಂದಳು. ದನಿ ತೀರ ಎತ್ತರವಾಯಿತು. "ತಪ್ಪು ನಂದು. ಗ್ಲೌಜಿನಾಗ ಹಿಟ್ಟ ಹಾಕ್ಕೋರಿ ಅಂತ ಎಲ್ಲಾರಿಗೂ ನಾ ಹೇಳಿಕೊಟ್ಟೆ. ಬೆವರಿಗೆ ಹಿಟ್ಟು ಕೊಳೆತು ಕೈ ಕೆಟ್ಟಾವ. ಗ್ಲೌಜ ಸರಿ ಅವ."

ಜುಲ್ಫೀಕಾರ ಅವಳನ್ನು ನೋಡಿದ. ಅವನಿಗೆ ಸಿಟ್ಟು ಬರಲಿ ಎಂದು ಕಾದಳು. ಅವನು ನಕ್ಕ, ದೊಡ್ಡ ಭಾರ ಇಳಿದವನ ನಗೆ. "ಅರೆ, ಇಷ್ಟೇ ಏನು? ಹೋಗ್ಲಿ ಬಿಡ್ರಿ ಆಂಟಿ. ನಿಮಗ ಹ್ಯಾಂಗ ಗೊತ್ತಾಗಬೇಕು, ಪಾಪ."

"ಗೊತ್ತಿತ್ತರಿ. ನಮ್ಮವ್ವ ಹೇಳಿದ್ದಳು. ಅಕಿ ಸಿಸ್ಟರ್ ಅಲ್ಲರಿ, ಆಯಾ ಇದ್ದಳು. ಗ್ಲೌಜ ತೊಳೀತಿದ್ದಳು. ನಿಮ್ಮ ಅಪ್ಪಾಜಿಗೆ ನಾ ಸುಳ್ಳು ಹೇಳಿದ್ದೆ."

"ಆಯಾ ಇದ್ದರೇನು, ಸಿಸ್ಟರ್ ಇದ್ದರೇನು ಆಂಟಿ! ಯಾವ ಕಾಲದ ಮಾತದು! ನಾಳಿಂದ ಹಿಟ್ಟ ಬಂದ್ ಮಾಡ್ರಿ, ಮುಗೀತು" ಎಂದ ಅವನು. ಫೋನು ಗುನುಗಿತು. ಅದನ್ನು ಕಿವಿಗಿಟ್ಟುಕೊಂಡು ಅವಳ ಭುಜ ತಟ್ಟಿ ಹೊರಗೆ ಹೋದ. ಚಿಕ್ಕಂದಿನಿಂದ ಅಡಗಿಸಿಟ್ಟ ತಾಯಿಯನ್ನು ಹೊರಗೆ ತಂದು ನಿಲ್ಲಿಸಿದರೆ, ಕುಂದ್ರು ಎನ್ನುವವರೂ ಇರಲಿಲ್ಲ. ಅವಳ ತಪ್ಪಿಗೆ ಒಂದು ಬೈಗುಳದ ಬೆಲೆಯೂ ಇಲ್ಲ. ಆಂಟಿಯ ಕೈಯಿಂದ ಏನಾದೀತು, ಕೆಟ್ಟದ್ದು ತಾನೇ ಎಷ್ಟು ಆದೀತು.

ಕೋಣೆಯಲ್ಲಿ ಇಬ್ಬರೇ ಉಳಿದರು. ಅಂಬರೀನ ನಿಂತಲ್ಲೇ ಇದ್ದಳು. ಅವಳ ಮುಖದಲ್ಲಿ ಬಿಡುಗಡೆಯ ಸುಳಿವೂ ಇರಲಿಲ್ಲ.

"ಯಾವಾಗ ಗೊತ್ತಾತು?"

"ಸತ್ಯಮ್ಮ ಕೈ ತೋರ್ಸಿದ ದಿವಸ."

"ಅಂದ್ರ ಮೂರು ವಾರ. ಆಮ್ಯಾಲೂ ಅಕಿ ಒಂದು ವಾರ ಹಿಂಡಿ ಕಲಸ್ಯಾಳ. ಖಾರದಾಗ. ಆ ಕೈಲೆ." ಎಣಿಸಿ ಎಣಿಸಿ ಹೇಳಿದಳು. "ಇವತ್ತ ಅಕಿ ಮುಂದ ನಾ ಕುಂತು ಕೇಳೋ ಮುಂದೂ ಗೊತ್ತಿತ್ತು."

"ಹೂಂ" ಎಂದಳು ಗ್ಲೋರಿ. ತಲೆ ತಗ್ಗಿಸಲಿಲ್ಲ. ಆ ಹುಡುಗಿ ತನ್ನನ್ನು ನೇರ ನೋಡುತ್ತಿದ್ದಳು, ಸರಿಸಮಾನರನ್ನು ನೋಡುವ ಸಿಟ್ಟಿನಿಂದ. ಐದು ತಿಂಗಳಲ್ಲಿ, ಬಹುಶಃ ಹನ್ನೆರಡು ವರ್ಷಗಳಲ್ಲಿ, ಈ ಕೋಣೆಯೊಳಗೆ ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡವಳು ಇವಳೊಬ್ಬಳೇ ಎಂದು ತಡವಾಗಿ ಹೊಳೆಯಿತು. ಕೈ ಹಿಡಿದು ಬೆರಗಾದವಳು, ಕಿಟಕಿ ಬಿಟ್ಟುಕೊಟ್ಟವಳು, ಬಿಸ್ಕಿಟ್ ಮುಂದೆ ಹಿಡಿದವಳು. ಏನಾದರೂ ಹೇಳಬೇಕೆಂದು ಗ್ಲೋರಿ ಬಾಯಿ ತೆರೆದಳು. ಅವಳು ಆಪಾ ಎಂದು ಒಮ್ಮೆ ಕರೆದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎನಿಸಿತು.

ಅಂಬರೀನ ಗ್ಲೌಜಿನ ಚೀಲವನ್ನು ಭುಜಕ್ಕೆ ಹಾಕಿಕೊಂಡಳು. ಭಾಲ್ಕಿಯ ರೈಲಿಗೆ ಹೊತ್ತಾಗಿತ್ತು. ಬಾಗಿಲಿನ ಹತ್ತಿರ ನಿಂತು, ತಿರುಗದೆ ಹೇಳಿದಳು.

"ನಾಳೆ ಒಂಬತ್ತಕ್ಕ ಎಲ್ಲಾರನ್ನ ಕೂಡ್ಸಿ ನೀವೇ ಹೇಳ್ರಿ, ಗ್ಲೋರಿ ಮೇಡಂ."

ಗ್ಲೋರಿ ಮುಂದೆ ಹೋಗಿ ಬಾಗಿಲು ತೆಗೆದು, ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.

"ಹೂಂರಿ ಮೇಡಂ" ಎಂದಳು.